ಕನ್ವರ್ಷನ್ ಕನ್ಸಲ್ಟೆನ್ಸಿ ರಿವ್ಯೂ: ಪೇಪರ್ ಕೆಲಸ ಸೂಪರ್, ಝೋನ್ ಚೇಂಜ್ ಮಾತು ನಂಬಬೇಡಿ

ಕೃಷಿ ಜಮೀನನ್ನ ಬೇರೆ ಉಪಯೋಗಕ್ಕೆ ಬದಲಾಯಿಸೋ ಪರ್ಮಿಷನ್, ಅದೇ ಕನ್ವರ್ಷನ್, ಮಾಡಿಸಿಕೊಡೋ ಒಂದು ಆಫೀಸಿಗೆ ಐದಕ್ಕೆ ಮೂರು ಸ್ಟಾರ್. ಆ ಮೂರೂ ಒಳಗಡೆ ಟೇಬಲ್ ಹಾಕ್ಕೊಂಡು ನಮ್ಮ ಪಹಣಿ, ಎಂಆರ್ (ಜಮೀನು ಯಾರಿಂದ ಯಾರಿಗೆ ಬಂತು ಅನ್ನೋ ಮ್ಯುಟೇಷನ್ ದಾಖಲೆ), ಹಳೇ ಕ್ರಯಪತ್ರ ಎಲ್ಲಾ ಒಂದೊಂದೇ ಸಾಲು ಓದಿದ ಹೆಣ್ಮಗಳಿಗೆ, ಎಸಿ ರೂಮಲ್ಲಿ ಕೂತು ಆಗುತ್ತೆ ಆಗುತ್ತೆ ಅಂತಿದ್ದ ಓನರ್‌ಗೆ ಅಲ್ಲ. ಹೆಸರು ಹಾಕ್ತಿಲ್ಲ, ಯಾಕಂದ್ರೆ ನಮ್ಮದೊಂದು ಫೈಲು ಇನ್ನೂ ಅವರ ಕೈಲೇ ಇದೆ, ಅದೂ ಅಲ್ದೆ ಹೈವೇ ಪಕ್ಕದ ಯಾವ ಊರಿಗೆ ಹೋದ್ರೂ ಇಂಥವು ಒಂದೆರಡು ಆಫೀಸು ಇದ್ದೇ ಇರ್ತವೆ, ಬೋರ್ಡ್ ಮೇಲೆ ಲ್ಯಾಂಡ್ ಕನ್ವರ್ಷನ್, ಇ-ಖಾತಾ, 11ಇ ಸ್ಕೆಚ್, ಲೇಔಟ್ ಅಪ್ರೂವಲ್ ಅಂತ ಬರ್ದಿರುತ್ತೆ, ಎಲ್ಲಾ ಕಡೆ ಕಥೆ ಹೆಚ್ಚೂ ಕಮ್ಮಿ ಇದೇ.

ನಮ್ದು ಬೆಂಗಳೂರು ಗ್ರಾಮಾಂತರ ಕಡೆ. ಅಕ್ಕಪಕ್ಕದ ಹೊಲದವರು ಸೇರಿ ಒಟ್ಟು 11 ಎಕರೆ ಇಂಡಸ್ಟ್ರಿಯಲ್‌ಗೆ ಮಾಡಿಸೋಣ ಅಂತ ಹೋಗಿದ್ದು, ಅದರಲ್ಲಿ ನಂದು 3 ಎಕರೆ 12 ಗುಂಟೆ, ಎರಡು ಸರ್ವೆ ನಂಬರ್‌ನಲ್ಲಿ. ಯಾಕೆ ಅಂತ ಕೇಳೋರಿಗೆ ಒಂದೇ ಮಾತು, ರಾಗಿ ಕೊಯ್ಯೋಕೆ ಆಳು ಸಿಗ್ತಿಲ್ಲ, ಬೋರ್‌ನಲ್ಲಿ ನೀರು ಯಾವಾಗ ನಿಲ್ಲುತ್ತೋ ಗೊತ್ತಿಲ್ಲ, ಹುಡುಗ್ರೆಲ್ಲಾ ಪೀಣ್ಯ, ದಾಬಸ್‌ಪೇಟೆ ಕಡೆ ಶಿಫ್ಟ್ ಕೆಲಸಕ್ಕೆ ಹೋಗ್ತಾರೆ, ಇತ್ತ ಗೋಡೌನ್ ಬಾಡಿಗೆಗೆ ಬೇಕು ಅಂತ ಬರೋ ಪಾರ್ಟಿಗಳು ಕಾರ್ ಇಳಿಯೋಕೆ ಮೊದಲೇ ಕೇಳೋದು ‘ಕನ್ವರ್ಷನ್ ಆಗಿದ್ಯಾ ಸಾರ್?’ ಅಂತ. ಆಗಿಲ್ಲ ಅಂದ್ರೆ ಗಾಡಿ ತಿರುಗಿಸ್ಕೊಂಡು ಹೋಗ್ತಾರೆ. ಪರ್ಮಿಷನ್ ಇಲ್ದೆ ಶೆಡ್ ಎತ್ತಿದ್ರೆ ಭೂ ಕಂದಾಯ ಕಾಯ್ದೆ 96ನೇ ಸೆಕ್ಷನ್ನಲ್ಲಿ ದಂಡ ಇದೆ, ಆಮೇಲೆ ಬ್ಯಾಂಕ್ ಲೋನೂ ಇಲ್ಲ, ಲೈಸೆನ್ಸೂ ಇಲ್ಲ.

ಮೊದಲ ದಿನ ಓನರ್ರು ಯಾವ ಜಾಗ ಯಾವ ಉಪಯೋಗಕ್ಕೆ ಅಂತ ಬಣ್ಣದಲ್ಲಿ ತೋರ್ಸೋ ಮಾಸ್ಟರ್ ಪ್ಲಾನ್ ಮ್ಯಾಪನ್ನ ದೊಡ್ಡದಾಗಿ ಪ್ರಿಂಟ್ ಹಾಕ್ಸಿ ಟೇಬಲ್ ತುಂಬಾ ಹಾಸಿದ್ರು. ಹಳದಿ ಅಂದ್ರೆ ಮನೆ, ನೀಲಿ ಅಂದ್ರೆ ಕಮರ್ಷಿಯಲ್, ನೇರಳೆ ಅಂದ್ರೆ ಇಂಡಸ್ಟ್ರಿ, ತಿಳಿಹಸಿರು ಅಂದ್ರೆ ಅಗ್ರಿಕಲ್ಚರ್ ಝೋನು. ರೋಡ್ ಉದ್ದಕ್ಕೂ ಒಂದು ನೇರಳೆ ಪಟ್ಟಿ, ಅದರ ಹಿಂದೆ ಪೂರ್ತಿ ಹಸಿರು. ನನ್ನ 1 ಎಕರೆ 8 ಗುಂಟೆ ನೇರಳೆ ಒಳಗೆ, ಮಿಕ್ಕ 2 ಎಕರೆ 4 ಗುಂಟೆ ಹಸಿರು ಒಳಗೆ. ಗೆರೆ ನಮ್ಮ ಬದು ಮೇಲೇ ಹಾದು ಹೋಗಿದೆ ಅನ್ನಿ. ಓನರ್ರು ಪೆನ್ನಲ್ಲಿ ಎರಡೂ ಸೇರ್ಸಿ ಒಂದು ರೌಂಡ್ ಹಾಕಿ ‘ಎಲ್ಲಾ ಒಂದೇ ಅಣ್ಣ, ಒಟ್ಟಿಗೆ ಕನ್ವರ್ಷನ್ ಮಾಡಿಸ್ಬಿಡೋಣ, ಎಕರೆಗೆ 30,000 ಸರ್ವೀಸ್ ಚಾರ್ಜು, ಗೌರ್ಮೆಂಟ್ ಫೀಸ್ ಬೇರೆ’ ಅಂದ್ರು. ಎರಡು ಸ್ಟಾರ್ ಕಟ್ ಆಗೋಕೆ ಶುರುವಾಗಿದ್ದೇ ಆ ರೌಂಡಿಂದ.

ಯಾಕಂದ್ರೆ ಎಲ್ಲಾ ಒಂದೇ ಅಲ್ಲ ಸ್ವಾಮಿ. ಕನ್ವರ್ಷನ್ ಅಂದ್ರೆ 1964ರ ಕರ್ನಾಟಕ ಭೂ ಕಂದಾಯ ಕಾಯ್ದೆ, ಸೆಕ್ಷನ್ 95. ಡೀಸಿಗೆ ಅರ್ಜಿ, ನಾವು ಮಾಡ್ಸಿದಾಗ ಆನ್‌ಲೈನಲ್ಲೇ ಅಫಿಡವಿಟ್ ಜೊತೆ ಹಾಕ್ಬೇಕಿತ್ತು. ಮಾಸ್ಟರ್ ಪ್ಲಾನ್‌ನಲ್ಲಿ ಆಗ್ಲೇ ಇಂಡಸ್ಟ್ರಿ ಅಂತ ತೋರ್ಸಿದ್ರೆ, ನೀವು ಕೇಳ್ತಿರೋದೂ ಇಂಡಸ್ಟ್ರಿಗೇ ಆದ್ರೆ, ಪೇಪರ್ ಕ್ಲೀನಾಗಿದ್ರೆ ಅದು ನಡೆಯೋ ಕೆಲಸ. ಝೋನ್ ಚೇಂಜ್ ಅಂದ್ರೆ ಪೂರ್ತಿ ಬೇರೆ ಕಾಯ್ದೆ, 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ, ಸೆಕ್ಷನ್ 14ಎ. ಅದು ಹೋಗೋದು ಯೋಜನಾ ಪ್ರಾಧಿಕಾರಕ್ಕೆ, ಪೇಪರಲ್ಲಿ ಪ್ರಕಟಣೆ ಕೊಟ್ಟು ಸಾರ್ವಜನಿಕರ ಆಕ್ಷೇಪಣೆ ಕೇಳ್ಬೇಕು, ರಾಜ್ಯ ಸರ್ಕಾರದ ಒಪ್ಪಿಗೆ ಬೇಕು. ತಾಲ್ಲೂಕಾಫೀಸಲ್ಲಿ ನಮ್ಮ ಕಡೆಯವರು ಇದಾರೆ ಅನ್ನೋ ಮಾತು ಇಲ್ಲಿ ಕೆಲಸಕ್ಕೆ ಬರಲ್ಲ. ಹಸಿರು ಝೋನ್‌ನಲ್ಲಿರೋ ಜಮೀನಿಗೆ ಮೊದಲು ಇದಾಗ್ಬೇಕು, ಆಮೇಲೆ ಕನ್ವರ್ಷನ್. ನಿಮ್ಮೂರು ಯಾವ ಪ್ಲಾನಿಂಗ್ ಏರಿಯಾಗೂ ಸೇರಿಲ್ಲ ಅಂದ್ರೆ ಈ ಬಣ್ಣದ ತಲೆನೋವೇ ಇಲ್ಲ, ಬರೀ 95 ಸಾಕು. ಹಂಗಾಗಿ ಕನ್ಸಲ್ಟೆನ್ಸಿಯವರ ಹತ್ರ ಮೊದಲ ಪ್ರಶ್ನೆ ರೇಟ್ ಅಲ್ಲ, ನಮ್ಮ ಸರ್ವೆ ನಂಬರ್ ಯಾವ ಬಣ್ಣದಲ್ಲಿದೆ ಅಂತ. ದಿಶಾಂಕ್ ಆಪಲ್ಲಿ ಸರ್ವೆ ನಂಬರ್ ಎಲ್ಲಿದೆ ಅಂತ ಹೊಲದಲ್ಲಿ ನಿಂತೇ ನೋಡ್ಕೋಬಹುದು, ಅದನ್ನ ಇಟ್ಕೊಂಡು ಪ್ಲಾನ್ ಮ್ಯಾಪ್ ಜೊತೆ ಹೋಲ್ಸಿದ್ರೆ ಅರ್ಧ ಉತ್ತರ ಕಾಸಿಲ್ದೆ ಸಿಗುತ್ತೆ.

ಈಗ ಒಳ್ಳೇದು ಹೇಳ್ತೀನಿ. ಆ ಹೆಣ್ಮಗಳು ಡಾಕ್ಯುಮೆಂಟ್ ಓದೋ ರೀತಿ ನೋಡಿ ನಮ್ಮ ಕಡೆಯ ಹಿರೀಕರೇ ತಲೆದೂಗಿದ್ರು. ಪಹಣಿ ತಗೊಂಡ್ರೆ ಎಲ್ಲರೂ 9ನೇ ಕಾಲಂ ನೋಡಿ ಹೆಸರಿದೆ ಅಂತ ಮಡಚಿ ಇಡ್ತೀವಿ. ಆಕೆ ಮೊದಲು ನೋಡಿದ್ದು 11ನೇ ಕಾಲಂ, ಸಾಲ, ಕೋರ್ಟ್ ಸ್ಟೇ, ಸ್ವಾಧೀನದ ನೋಟಿಫಿಕೇಷನ್ ಏನಾದ್ರೂ ಕೂತಿದ್ಯಾ ಅಂತ. ಆಮೇಲೆ 3ನೇ ಕಾಲಂ. ಅಲ್ಲಿ ನನ್ನ ಹಿಂದುಗಡೆ ಹೊಲದ ಸರ್ವೆ ನಂಬರ್‌ನಲ್ಲಿ 5 ಗುಂಟೆ ‘ಬಿ’ ಖರಾಬು ಅಂತ ಇತ್ತು. ‘ಸಾರ್ ಇದು ಹಳ್ಳ, ಇದು ನಿಮ್ದಲ್ಲ, ಸರ್ಕಾರದ್ದು, ಇದನ್ನ ಬಿಟ್ಟು ಅರ್ಜಿ ಹಾಕ್ಬೇಕು, ಸೇರ್ಸಿ ಹಾಕಿದ್ರೆ ಪೂರ್ತಿ ಅರ್ಜಿ ವಾಪಸ್ ಬರುತ್ತೆ’ ಅಂದ್ಳು. ‘ಎ’ ಖರಾಬು ಅಂದ್ರೆ ಬಂಡೆ ಗಿಂಡೆ, ಉಳೋಕಾಗದ ಜಾಗ, ಅದು ಹಿಡುವಳಿ ಒಳಗೇ ಬರುತ್ತೆ. ‘ಬಿ’ ಅಂದ್ರೆ ದಾರಿ, ಹಳ್ಳ, ಸ್ಮಶಾನ ಥರ ಸಾರ್ವಜನಿಕರದ್ದು. ಆ ಹಳ್ಳದಲ್ಲಿ ನಾನು ಹುಟ್ಟಿದಾಗಿಂದ ನೀರು ಹರಿದಿದ್ದು ಮಳೆಗಾಲದಲ್ಲಿ ಮಾತ್ರ, ಆದ್ರೆ ನಕ್ಷೆಯಲ್ಲಿ ಇದೆ ಅಂದ್ರೆ ಇದೆ.

ಸರ್ವೆ ನಂಬರ್‌ನಲ್ಲಿ ಸ್ವಲ್ಪ ಭಾಗ ಮಾತ್ರ ಕನ್ವರ್ಟ್ ಮಾಡ್ಸೋದಾದ್ರೆ ಆ ಭಾಗಾನ ಸರ್ವೆಯರ್ ಅಳೆದು ಬಿಡಿಸೋ 11ಇ ನಕ್ಷೆ ಬೇಕೇ ಬೇಕು. ಸರ್ವೆಯರ್ ಬಂದ ದಿನ ಇವರ ಹುಡುಗ ಒಬ್ಬ ಜೊತೆಗೆ ನಿಂತಿದ್ದ. ನಮ್ಮ ಪಕ್ಕದವರು ಬದು ಕಲ್ಲು ಇಲ್ಲಿತ್ತು ಅಂತಾರೆ, ನಮ್ಮ ಚಿಕ್ಕಪ್ಪ ಅಲ್ಲಿತ್ತು ಅಂತಾರೆ, ಆ ಹುಡುಗ ಗಲಾಟೆಗೆ ಇಳೀದೆ ಹಳೇ ಸರ್ವೆ ದಾಖಲೆಗಳಾದ ಟಿಪ್ಪಣಿ, ಆಕಾರ್‌ಬಂದ್ ಎರಡೂ ಜೆರಾಕ್ಸ್ ಫೈಲಿಂದ ತೆಗೆದು ಸರ್ವೆಯರ್ ಕೈಗೆ ಕೊಟ್ಟ. ಅಳತೆ ಹಾಕಿದ್ರು, ಕಲ್ಲು ಇಬ್ಬರೂ ಹೇಳಿದ ಕಡೆ ಇರಲಿಲ್ಲ. ಜಗಳ ಅಲ್ಲಿಗೇ ನಿಂತೋಯ್ತು. ಇಂಥ ಕೆಲಸಕ್ಕೆ ನಾನು ದುಡ್ಡು ಕೊಡೋಕೆ ರೆಡಿ, ಖಂಡಿತ ಕೊಡ್ತೀನಿ.

ಇನ್ನೊಂದು ವಿಷಯಕ್ಕಂತೂ ನಮ್ಮ ಗುಂಪೇ ಅವರಿಗೆ ಋಣಿ. ನಮ್ಮಲ್ಲೊಬ್ಬರು ತುಂಬಾ ಹಿಂದೆ ಕೊಂಡಿದ್ದ ಜಮೀನಿನ ಹಳೇ ಎಂಆರ್ ತೆಗ್ಸಿದಾಗ ಅದು ಮೂಲದಲ್ಲಿ ಮಂಜೂರಾತಿ ಜಮೀನು, ಎಸ್‌ಸಿ ಕುಟುಂಬಕ್ಕೆ ಸರ್ಕಾರ ಕೊಟ್ಟಿದ್ದು ಅಂತ ಗೊತ್ತಾಯ್ತು. ಪಿಟಿಸಿಎಲ್, ಅಂದ್ರೆ ಎಸ್‌ಸಿ, ಎಸ್‌ಟಿಯವರಿಗೆ ಮಂಜೂರಾದ ಜಮೀನು ಬೇರೆಯವರ ಕೈಗೆ ಹೋಗೋದನ್ನ ತಡೆಯೋ 1978ರ ಕಾಯ್ದೆ. ಸರ್ಕಾರದ ಅನುಮತಿ ಇಲ್ದೆ ಮಾರಿದ್ರೆ ಆ ಕ್ರಯ ನಿಲ್ಲಲ್ಲ, 2023ರ ತಿದ್ದುಪಡಿ ಆದ್ಮೇಲೆ ಕಾಲ ಮಿತಿ ಅನ್ನೋ ನೆಪಾನೂ ಇಲ್ಲ. ಅದರ ಮೇಲೆ ಗೋಡೌನ್ ಕಟ್ಟಿ ಬಾಡಿಗೆ ಅಗ್ರಿಮೆಂಟ್ ಮಾಡಿದ್ರೆ ಏನ್ ಕಥೆ? ಆಕೆ ನೇರವಾಗಿ ಹೇಳಿದ್ಲು, ಇದನ್ನ ಗುಂಪಿಂದ ಬಿಟ್ಬಿಡಿ, ಮೊದಲು ಮೂಲ ಮಂಜೂರಾತಿದಾರರ ಕಡೆಯವರ ಜೊತೆ ಕೂತು ಮಾತಾಡಿ ಅಂತ. ಓನರ್ ಮಾತ್ರ ಅದನ್ನೂ ‘ನೋಡೋಣ, ಮಾಡೋಣ’ ಅಂತಿದ್ರು. ಒಂದೇ ಆಫೀಸು, ಎರಡು ಬಾಯಿ.

ಹೆಣ್ಮಕ್ಕಳ ಸೈನ್ ವಿಷಯಾನೂ ಅಷ್ಟೇ. ನಮ್ಮ ಕಡೆ ಇನ್ನೂ ‘ಅವ್ರಿಗೆ ಮದ್ವೇಲಿ ಕೊಟ್ಟಾಯ್ತಲ್ಲ’ ಅನ್ನೋ ಗಂಡಸರು ಇದಾರೆ. ಕರ್ನಾಟಕದಲ್ಲಿ 1994ರಲ್ಲೇ ಆಗ ಮದ್ವೆ ಆಗಿರದ ಹೆಣ್ಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಹಕ್ಕು ಬಂತು, ಮದ್ವೆ ಆದೋರಿಗೂ ಸೇರಿ ದೇಶಕ್ಕೆಲ್ಲಾ 2005ರಲ್ಲಿ ಬಂತು, ತಂದೆ ಆಗ ಬದುಕಿರ್ಬೇಕು ಅಂತೇನಿಲ್ಲ ಅಂತ 2020ರಲ್ಲಿ ಸುಪ್ರೀಂ ಕೋರ್ಟೂ ಹೇಳ್ತು. ವಂಶವೃಕ್ಷ ಇಟ್ಕೊಂಡು ಯಾರ್ಯಾರ ಸಹಿ ಬೇಕು ಅಂತ ಲಿಸ್ಟ್ ಮಾಡಿಕೊಟ್ರು. ನಮ್ಮ ಸೋದರತ್ತೆ ಕನ್ನಡಕ ಹಾಕ್ಕೊಂಡು ಪೂರ್ತಿ ಓದಿ, ‘ಸೈನ್ ಹಾಕ್ತೀನಪ್ಪ, ಬಾಡಿಗೆ ಬಂದಾಗ ನಂಗೆಷ್ಟು ಅಂತ ಇದರಲ್ಲಿ ಎಲ್ಲೂ ಬರ್ದಿಲ್ವಲ್ಲ?’ ಅಂದ್ರು. ನ್ಯಾಯವಾದ ಪ್ರಶ್ನೆ. ಅದಕ್ಕೆ ಬೇರೆ ಅಗ್ರಿಮೆಂಟ್ ಮಾಡಿಸಿದ್ವಿ, ಅದಕ್ಕೆ ಎಕ್ಸ್‌ಟ್ರಾ ಚಾರ್ಜ್ ಮಾಡಲಿಲ್ಲ, ಅದೂ ಪ್ಲಸ್ಸು.

ನೇರಳೆ ಒಳಗಿದ್ದ ಜಮೀನುಗಳ ಕನ್ವರ್ಷನ್ ಆರ್ಡರ್ ಬಂತು. ಪಹಣಿಯಲ್ಲೂ ಎಂಟ್ರಿ ಆಯ್ತು. ಅದಕ್ಕೆ ಕಂಪ್ಲೇಂಟ್ ಇಲ್ಲ. ಒಂದು ಸಲ ಎಕ್ಸ್‌ಟೆಂಟ್‌ನಲ್ಲಿ ಗುಂಟೆ ಹೆಚ್ಚುಕಮ್ಮಿ ಆಗಿ ವಾಪಸ್ ಬಂದಿತ್ತು, ಫೋನ್ ಮಾಡೋಕೆ ಮೊದಲೇ ಅವರೇ ಸರಿ ಮಾಡಿ ಹಾಕಿದ್ರು.

ಇನ್ನು ಹಸಿರು. ಇಲ್ಲಿ ಓನರ್ ಮಾತು ಹೆಂಗಿತ್ತು ಅಂದ್ರೆ ಮಳೆ ತರಿಸ್ತೀನಿ ಅನ್ನೋ ಕಣಿ ಹೇಳೋನ ಥರ, ಬಂದ್ರೆ ನನ್ನಿಂದ, ಬರ್ಲಿಲ್ಲ ಅಂದ್ರೆ ನಿಮ್ಮ ಗ್ರಹಚಾರ. ಅರ್ಜಿ ಹಾಕಿದ್ರು, ಪೇಪರ್‌ನಲ್ಲಿ ಪ್ರಕಟಣೆ ಬಂತು, ಒಳಗಿನ ಪುಟದಲ್ಲಿ ಕಾಣೆಯಾಗಿದ್ದಾರೆ, ಟೆಂಡರು ಇವುಗಳ ಮಧ್ಯೆ ಸಣ್ಣಕ್ಷರದಲ್ಲಿ ಸರ್ವೆ ನಂಬರು, ಚಕ್ಕುಬಂದಿ. ಯಾರೂ ನೋಡಲ್ಲ ಅಂತ ಓನರ್ ಅಂದಿದ್ರು. ನೋಡಿದ್ರು. ಕೆಳಗಡೆ ಹಸು ಸಾಕ್ಕೊಂಡು ಡೈರಿಗೆ ಹಾಲು ಹಾಕೋರು ಒಬ್ಬರು ಆಕ್ಷೇಪಣೆ ಕೊಟ್ರು, ಹಿಂದಿನ ಹೊಲದಲ್ಲೆಲ್ಲಾ ಶೀಟ್ ಹಾಕಿ ಕಾಂಕ್ರೀಟ್ ಮಾಡಿದ್ರೆ ಮಳೆ ನೀರೆಲ್ಲಾ ಒಟ್ಟಿಗೆ ಹಳ್ಳಕ್ಕೆ ಬಂದು ನನ್ನ ಹುಲ್ಲಿನ ಹೊಲ ಕೊಚ್ಕೊಂಡು ಹೋಗುತ್ತೆ, ಲಾರಿ ಓಡಾಡೋಕೆ ಅಲ್ಲಿ ಅಗಲದ ರೋಡೂ ಇಲ್ಲ, ಅದು ಬಂಡಿ ದಾರಿ ಅಂತ. ನಾನು ಅರ್ಜಿದಾರನೇ ಆದ್ರೂ ಹೇಳ್ತೀನಿ, ಆ ಮನುಷ್ಯ ಬರ್ದಿದ್ದರಲ್ಲಿ ಒಂದು ಅಕ್ಷರ ಸುಳ್ಳಿಲ್ಲ. ಬಂಡಿ ದಾರೀಲಿ ನಲವತ್ತಡಿ ಕಂಟೇನರ್ ಹೆಂಗೆ ತಿರುಗುತ್ತೆ? ಕನ್ಸಲ್ಟೆನ್ಸಿಯವರು ಅರ್ಜಿ ಹಾಕೋಕೆ ಮೊದಲೇ ರೋಡ್ ಅಗಲ ಅಳೀಬೇಕಿತ್ತು, ನೀರಿಗೆ ಏನ್ ದಾರಿ ಅಂತ ಒಂದು ಡ್ರಾಯಿಂಗ್ ಮಾಡ್ಬೇಕಿತ್ತು, ಅದಕ್ಕೇ ಅಲ್ವಾ ಕನ್ಸಲ್ಟೆಂಟು ಅನ್ನೋದು. ಅದು ಬಿಟ್ಟು ‘ಅವರನ್ನ ಮ್ಯಾನೇಜ್ ಮಾಡೋಣ ಬಿಡಿ ಅಣ್ಣ’ ಅಂದ್ರು. ಬೇಡ ಅಂದೆ. ನಾಳೆ ಹಬ್ಬಕ್ಕೆ, ಸಾವಿಗೆ, ಮದುವೆಗೆ ಮುಖ ನೋಡ್ಬೇಕಾಗಿರೋದು ನಾವು, ಇವರಲ್ಲ.

ಇನ್ನೊಂದು ಟೆಕ್ನಿಕ್ಕು ಇವರದ್ದು, ಹೆದರಿಸೋದು. ‘ನೀವಾಗೇ ಮಾಡಿಸ್ಕೊಳ್ಳಿಲ್ಲ ಅಂದ್ರೆ ನಾಳೆ ಕೆಐಎಡಿಬಿ ಬಂದು ತಗೊಳ್ಳುತ್ತೆ’ ಅಂತ. ಕೆಐಎಡಿಬಿ ಅಂದ್ರೆ ಇಂಡಸ್ಟ್ರಿಗೆ ಜಮೀನು ಸ್ವಾಧೀನ ಮಾಡೋ ಸರ್ಕಾರಿ ಮಂಡಳಿ. ದೇವನಹಳ್ಳಿ ಉದಾಹರಣೆ ಕೊಡ್ತಾರೆ, ಅದೂ ಅರ್ಧಂಬರ್ಧ. ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಗಳಲ್ಲಿ 1,777 ಎಕರೆ ಏರೋಸ್ಪೇಸ್ ಪಾರ್ಕಿಗೆ ಅಂತ ನೋಟಿಫಿಕೇಷನ್ ಆಗಿದ್ದು, ರೈತರು 2022ರಿಂದ ಸಾವಿರ ದಿನ ದಾಟಿ ಧರಣಿ ಕೂತಿದ್ದು, 2025ರ ಜುಲೈ 15ಕ್ಕೆ ಸಿಎಂ ಸಿದ್ದರಾಮಯ್ಯ ಕೈಬಿಟ್ವಿ ಅಂದಿದ್ದು ಎಲ್ಲರಿಗೂ ಗೊತ್ತು. ಅದೇ ಟೈಮಲ್ಲಿ ಅಲ್ಲೇ ಒಂದಷ್ಟು ಜಮೀನುದಾರರು ನಮ್ಮ ಜಮೀನು ತಗೊಳ್ಳಿ, ಒಳ್ಳೇ ರೇಟ್ ಕೊಡಿ ಅಂತಾನೂ ಮುಂದೆ ಬಂದಿದ್ರು, ಸ್ವಇಚ್ಛೆಯಿಂದ ಕೊಡೋರು ಕೊಡಬಹುದು ಅಂತ ಸರ್ಕಾರಾನೂ ಹೇಳ್ತು. ಒಂದೇ ಊರಲ್ಲಿ ಬೇಡ ಅನ್ನೋರೂ ಇದಾರೆ, ಬೇಕು ಅನ್ನೋರೂ ಇದಾರೆ, ಇಬ್ಬರೂ ರೈತರೇ. ನನಗೆ ಆ ಬೇಕು ಅನ್ನೋರ ಕಷ್ಟ ಅರ್ಥ ಆಗುತ್ತೆ, ಆದ್ರೆ ಪಕ್ಕದ ಹೊಲದವನು ಬೇಡ ಅಂದ್ರೆ ಅವನನ್ನ ಅಭಿವೃದ್ಧಿ ವಿರೋಧಿ ಅಂತ ಕರೆಯೋದು ಮಾತ್ರ ಹಿಡಿಸಲ್ಲ. ಇನ್ನು ಲೆಕ್ಕಕ್ಕೆ ಬಂದ್ರೆ, ಕೆಐಎಡಿಬಿಯಲ್ಲಿ ದುಡ್ಡಿನ ಬದಲು ಡೆವಲಪ್ ಆದ ಜಾಗ ತಗೊಳ್ತೀನಿ ಅಂದ್ರೆ ಎಕರೆಗೆ 10,781 ಚದರಡಿ, ಅಂದ್ರೆ ಕಾಲು ಎಕರೆಗೂ ಚೂರು ಕಮ್ಮಿ. ನಾವೇ ಕನ್ವರ್ಷನ್ ಮಾಡಿಸ್ಕೊಂಡ್ರೆ ಜಮೀನು ಪೂರ್ತಿ ನಮ್ಮ ಹೆಸರಲ್ಲೇ ಇರುತ್ತೆ, ಆದ್ರೆ ರೋಡು, ಕರೆಂಟು, ಚರಂಡಿ ಎಲ್ಲಾ ನಮ್ಮ ಜೇಬಿಂದ. ಈ ಹೋಲಿಕೆಯನ್ನ ಓನರ್ ಒಂದು ಸಲಾನೂ ಹೇಳಲಿಲ್ಲ, ಹೇಳಿದ್ದು ಬರೀ ಹೆದರಿಕೆ ಪಾರ್ಟು.

ಹೇಳದೇ ಬಿಟ್ಟಿದ್ದು ಇನ್ನೂ ಇದೆ, ಇದು ದುಬಾರಿ ಬೀಳೋ ವಿಷಯ, ನಮ್ಮ ಆಡಿಟರ್ ಹೇಳಿದ್ದು. ಹಳ್ಳಿ ಕಡೆಯ ಕೃಷಿ ಜಮೀನು ಮಾರಿದ್ರೆ ಇನ್ಕಮ್ ಟ್ಯಾಕ್ಸ್ ಲೆಕ್ಕದಲ್ಲಿ ಅದು ಕ್ಯಾಪಿಟಲ್ ಅಸೆಟ್ಟೇ ಅಲ್ಲ, ಕ್ಯಾಪಿಟಲ್ ಗೇನ್ಸ್ ಬರಲ್ಲ. ಹಳ್ಳಿ ಕಡೆ ಅಂದ್ರೆ ಮುನಿಸಿಪಾಲಿಟಿ ಗಡಿಯಿಂದ ನೇರ ಗೆರೆ ಎಳೆದ ದೂರ, ಪಟ್ಟಣದ ಜನಸಂಖ್ಯೆ 10 ಸಾವಿರದಿಂದ 1 ಲಕ್ಷ ಇದ್ರೆ 2 ಕಿಲೋಮೀಟರ್ ಆಚೆ, 10 ಲಕ್ಷದವರೆಗೆ ಆದ್ರೆ 6, ಅದಕ್ಕೂ ಮೇಲೆ ಆದ್ರೆ 8. ಕನ್ವರ್ಷನ್ ಮಾಡಿಸಿ ಇಂಡಸ್ಟ್ರಿಗೆ ಅಂತ ಆದ್ಮೇಲೆ ಮಾರಿದ್ರೆ ಈ ವಿನಾಯಿತಿ ಹೋಯ್ತು ಅಂತಾನೇ ತಿಳ್ಕೊಳ್ಳಿ. ಅಂದ್ರೆ ಮಾರೋ ಪ್ಲಾನ್ ಇರೋನು ಕನ್ವರ್ಷನ್‌ಗೆ ಮೊದಲು ಮಾರಿದ್ರೆ ಲಾಭಾನಾ, ಆಮೇಲೆ ಮಾರಿದ್ರೆ ಲಾಭಾನಾ ಅಂತ ಲೆಕ್ಕ ಹಾಕ್ಲೇಬೇಕು. 2020ರ ಭೂ ಸುಧಾರಣೆ ತಿದ್ದುಪಡಿಯಲ್ಲಿ 79ಎ, 79ಬಿ ತೆಗೆದಮೇಲೆ ರೈತರಲ್ಲದವರೂ ಕೃಷಿ ಜಮೀನು ನೇರವಾಗಿ ಕೊಳ್ಳಬಹುದು, ಹಂಗಾಗಿ ಕೊಳ್ಳೋರಿಗೋಸ್ಕರ ಮುಂಚೇನೇ ಕನ್ವರ್ಷನ್ ಮಾಡಿಸಿ ಇಡ್ಬೇಕು ಅಂತೇನೂ ಇಲ್ಲ, ಪಾರ್ಟಿ ನೋಡ್ಕೊಂಡು ಮಾಡಬಹುದು. ಆಮೇಲೆ ಬೋರ್‌ವೆಲ್, 10 ಎಚ್‌ಪಿ ಒಳಗಿನ ಐಪಿ ಸೆಟ್ಟಿಗೆ (ನೀರಾವರಿ ಪಂಪಿಗೆ) ಸಿಗೋ ಫ್ರೀ ಕರೆಂಟು ಕೃಷಿಗೆ ಮಾತ್ರ. ಬೆಳೆ ಸಾಲ, ಪಿಎಂ ಕಿಸಾನ್ ಇವೂ ಕೃಷಿ ಜಮೀನಿನ ಲೆಕ್ಕದಲ್ಲೇ ಬರೋದು. ನಿಮ್ಮ ಬೋರು ಯಾವ ಸರ್ವೆ ನಂಬರಲ್ಲಿದೆ ಅಂತ ನೋಡ್ಕೊಂಡು ಅರ್ಜಿ ಹಾಕಿ. ನಂದು ಅದೃಷ್ಟಕ್ಕೆ ಹಿಂದಿನ ಹೊಲದಲ್ಲಿದೆ.

ನಗು ಬರೋ ವಿಷಯ ಒಂದು. ನಮ್ಮ ಜೊತೆ ಬಂದಿದ್ದ ನೆಂಟರೊಬ್ಬರು ಸುಮ್ನೆ ಕೇಳಿದ್ರು, ಹೊಲದಲ್ಲಿ ಹಸು ಕೊಟ್ಟಿಗೆ ಕಟ್ಟಬೇಕು ಅಂತಿದೀನಿ, ಅದಕ್ಕೂ ಕನ್ವರ್ಷನ್ ಬೇಕಾ ಅಂತ. ಓನರ್ ಕಣ್ಣು ಮಿಟುಕಿಸದೆ ‘ಬೇಕು ಸಾರ್, ಮಾಡಿಸ್ಕೊಡ್ತೀವಿ’ ಅಂದ್ರು! ಅದೇ 95ರ ಮೊದಲ ಉಪಸೆಕ್ಷನ್ ಓದಿದ್ರೆ ಬೇಸಾಯಕ್ಕೆ ಬೇಕಾದ ಕಟ್ಟಡ, ಬಾವಿ ಇವನ್ನ ರೈತ ತನ್ನ ಜಮೀನಲ್ಲಿ ಮಾಡ್ಕೋಬಹುದು ಅಂತಾನೇ ಇದೆ. ಒಳಗಿದ್ದ ಹೆಣ್ಮಗಳು ಕಂಪ್ಯೂಟರ್ ನೋಡ್ಕೊಂಡೇ ‘ಕೊಟ್ಟಿಗೆಗೆ ಬೇಡ ಸಾರ್’ ಅಂದ್ಲು. ಓನರ್ ಮುಖ ನೋಡ್ಬೇಕಿತ್ತು.

ಫಾಲೋಅಪ್ ಪರವಾಗಿಲ್ಲ. ವಾಟ್ಸಾಪ್ ಗ್ರೂಪ್ ಮಾಡಿದಾರೆ, ಕನ್ವರ್ಷನ್ ಫೈಲಿನ ಸ್ಟೇಟಸ್ ಸ್ಕ್ರೀನ್‌ಶಾಟ್ ತಾವೇ ಹಾಕ್ತಿದ್ರು. ಝೋನ್ ಚೇಂಜ್ ಬಗ್ಗೆ ಕೇಳಿದ್ರೆ ಮಾತ್ರ ಗುಡ್ ಮಾರ್ನಿಂಗ್ ಮೆಸೇಜು. ಬಿಲ್ ಕೇಳಿದ್ರೆ ಕೊಡ್ತಾರೆ, ಆದ್ರೆ ಕೇಳ್ಬೇಕು, ‘ಆಫೀಸ್ ಖರ್ಚು’ ಅಂತ ಒಂದು ಸಾಲು ಬರ್ದು ಮುಂದೆ ಮೊತ್ತ ಹಾಕಿದ್ರು, ಯಾವ ಆಫೀಸು ಅಂತ ಕೇಳಿದ್ದಕ್ಕೆ ಆ ಸಾಲೇ ಹೊಡೆದು ಹೊಸ ಬಿಲ್ ಕೊಟ್ರು. ಸರ್ಕಾರಿ ಫೀಸನ್ನ ಚಲನ್ ಪ್ರಕಾರ ನೀವೇ ಆನ್‌ಲೈನಲ್ಲಿ ಕಟ್ಟಿ, ಇವರ ಕೈಗೆ ಕ್ಯಾಶ್ ಕೊಡ್ಬೇಡಿ.

ನೇರಳೆ ಒಳಗಿರೋರು, ಪೇಪರ್ ಗೋಜಲು ಇರೋರು ಇಂಥವರ ಹತ್ರ ಹೋಗಿ, ದುಡ್ಡು ದಂಡ ಅಲ್ಲ. ಹಸಿರು ಒಳಗಿರೋರು ಮೊದಲು ನಿಮ್ಮ ಪ್ಲಾನ್‌ನ ಝೋನಿಂಗ್ ನಿಯಮ ತೆಗೆದು ಓದಿ, ಅಗ್ರಿಕಲ್ಚರ್ ಝೋನ್‌ನಲ್ಲೂ ಕೆಲವು ಉಪಯೋಗಕ್ಕೆ ಅವಕಾಶ ಇರುತ್ತೆ, ನಿಮಗೆ ಅಷ್ಟೇ ಸಾಕಾಗಬಹುದು. ಇಲ್ಲ, ಝೋನೇ ಬದಲಾಗ್ಬೇಕು ಅಂದ್ರೆ ಅಗ್ರಿಮೆಂಟ್‌ನಲ್ಲಿ 95ರ ಕೆಲಸಕ್ಕೆ ಇಷ್ಟು, 14ಎ ಕೆಲಸಕ್ಕೆ ಇಷ್ಟು ಅಂತ ಬೇರೆ ಬೇರೆ ಬರ್ಸಿ, 14ಎ ದುಡ್ಡು ಸರ್ಕಾರದ ಆದೇಶ ಕೈಗೆ ಬಂದ್ಮೇಲೆ ಅಂತ ಸೇರ್ಸಿ. ಒಪ್ಪಲಿಲ್ಲ ಅಂದ್ರೆ ಎದ್ದು ಬನ್ನಿ. ನಮ್ಮ ಗುಂಪಲ್ಲಿ ಒಬ್ಬ ಮೇಷ್ಟ್ರು ಇದ್ದಿದ್ದಕ್ಕೆ ಹಸಿರು ಜಮೀನಿಗೆ ಬರೀ ಕಾಲು ಭಾಗ ಅಡ್ವಾನ್ಸು ಅಂತ ಬರೆಸಿದ್ವಿ, ಇಲ್ಲಾಂದ್ರೆ ಪೂರ್ತಿ ಕೊಟ್ಟು ಕೂತಿರ್ತಿದ್ವಿ. ಆ ಕಾಲು ಭಾಗ ವಾಪಸ್ ಕೇಳಿದೀವಿ, ರೋಡ್ ಅಗಲ ನೋಡದೆ ಅರ್ಜಿ ಹಾಕಿದ್ದು ನಿಮ್ಮ ತಪ್ಪು ಅಂತ ಬರವಣಿಗೇಲೇ ಕೊಟ್ಟಿದೀವಿ. ಮುಂದಿನ ತಿಂಗಳು ಅಂದಿದಾರೆ ಓನರ್ರು, ಕೊಟ್ಟ ದಿನ ಇಲ್ಲೇ ಕೆಳಗೆ ಹಾಕ್ತೀನಿ.